ಒಂದೇ ಮೆಟ್ಟಿಲಿನ ಏಣಿ

ಇಳಿತದ ಹೊತ್ತು. ಕೆಯ್ಲೆನ್ ದಂಡೆಯ ಕೆಸರಲ್ಲಿ
ದೋಣಿಗಳೆಲ್ಲ ಪಕ್ಕಕ್ಕೊರಗಿ ಮಲಗಿದ್ದವು.
ಬ್ರೆಡ್ ತರಲು ಹೊರಟವಳು ನಿಂತುಬಿಟ್ಟೆ.
ಎಲಿಸೆಯೊನ ಹಳದಿ ದೋಣಿಯ ಮೂತಿಯ ಮೇಲೆ
ಇನ್ನೂ ಆರದ ಬಣ್ಣದಲ್ಲಿ, ಗೇಣುದ್ದದ ಅಕ್ಷರ:
ಎರ್ಮೋಸಾ ಒತಿಲಿಯಾ.

ಚೆಲುವೆ ಒತಿಲಿಯಾ. ಅವನ ಹೆಂಡತಿ. ಚೆಲುವೆಯೇ, ಸುಳ್ಳಲ್ಲ.
ಆದರೆ ಚೆಲುವೆಯ ಮುಂದೊಂದು ಅಕ್ಷರ ನಿಲ್ಲಬೇಕಿತ್ತು:
ಎರಡು ಕಂಬ, ನಡುವೆ ಅಡ್ಡಪಟ್ಟಿ,
ಒಂದೇ ಮೆಟ್ಟಿಲಿನ ಏಣಿ.
ನಮ್ಮ ಸ್ಪ್ಯಾನಿಷಿನಲ್ಲಿ ಬಾಯಿ ಅದನ್ನು ಮುಟ್ಟುವುದಿಲ್ಲ,
ಕೈ ಮಾತ್ರ ಮರೆಯಕೂಡದು.

ಮೂವತ್ತೆಂಟು ವರ್ಷ ಪಾಠ ಹೇಳಿದವಳು ನಾನು.
ಬೆರಳಿಗಂಟಿದ ಕೆಂಪು ಶಾಯಿ ಪಿಂಚಣಿ ಬಂದರೂ ಹೋಗಿಲ್ಲ.
ಇವನೋ, ಉಕ್ತಲೇಖನದಲ್ಲಿ ಏಳಕ್ಕೆ ಎರಡು ಪಡೆದವನು,
ಕಿಟಕಿ ಪಕ್ಕದ ಬೆಂಚು, ಮೊಣಕೈ ಹರಿದ ಸ್ವೆಟರು.

ಹೇಳಲೇ? ಹೇಳಿ ಏನು?
ಮಾತು ಆಡಿದರೆ ಹೋಯಿತು ಅನ್ನುತ್ತಾರೆ;
ಬರೆದದ್ದು ಹೋಗುವುದಿಲ್ಲ, ಅದೇ ತೊಂದರೆ.

ಸೋಮವಾರ ದವಾಖಾನೆಯ ಬಾಗಿಲಿಗೆ
ಹೊಸ ನರ್ಸ್ ಚೀಟಿ ಅಂಟಿಸಿದ್ದಳು:
ಮಕ್ಕಳ ಜ್ವರದ ಸಿರಪ್ಪು, ಹೊತ್ತಿಗೆ ಇಪ್ಪತ್ತೈದು ಮಿಲಿ.
ಎರಡಕ್ಕೂ ಐದಕ್ಕೂ ನಡುವಿನ ಅಲ್ಪವಿರಾಮ
ಎಲ್ಲೋ ಉದುರಿಹೋಗಿತ್ತು.
ಅಲ್ಲಿ ನಾನು ಯೋಚಿಸಲಿಲ್ಲ, ಕೇಳಲಿಲ್ಲ,
ಚೀಲದಿಂದ ಪೆನ್ನು ತೆಗೆದು ಕಾಗದ ಹರಿಯುವಂತೆ ಒತ್ತಿಬಿಟ್ಟೆ.
ಅವಳ ಮುಖ ಸುಣ್ಣವಾಯಿತು. ಆಗಲಿ.
ಆದರೆ ಒತಿಲಿಯಾ ಯಾವ ಮಗುವಿನ ಹೊಟ್ಟೆಗೂ ಹೋಗುವವಳಲ್ಲ.

ಇನ್ನೊಂದು ಇದೆ, ಯಾರಿಗೂ ಹೇಳಿಲ್ಲ.
ಅರ್ನೊಲ್ದೊ ನನಗೆ ಬರೆದ ಮೊದಲ ಪತ್ರವನ್ನು
ತಿದ್ದಿ ಅವನಿಗೇ ವಾಪಸು ಕೊಟ್ಟಿದ್ದೆ. ಒಂಬತ್ತು ತಪ್ಪು.
ನಕ್ಕ. ಮಡಚಿ ಜೇಬಿಗಿಟ್ಟುಕೊಂಡ.
ಮದುವೆಯಾದೆವು, ನಲವತ್ತು ವರ್ಷ ಬಾಳಿದೆವು;
ಏನಿದ್ದರೂ ಬಾಯಲ್ಲೇ ಹೇಳುತ್ತಿದ್ದ.
ಎರಡನೆಯ ಪತ್ರ ಬರಲೇ ಇಲ್ಲ.
ಈಗ ಅವನಿಲ್ಲ. ಪೆಟ್ಟಿಗೆ ತಡಕಿದರೆ ಸಿಗುವುದು
ಕಿರಾಣಿಯ ಲೆಕ್ಕ, ನನ್ನದೇ ಕೈಬರಹ.

ಗುರುವಾರ ರಾತ್ರಿ ಬಡಗಣ ಗಾಳಿ ಎದ್ದಿತು.
ರೇಡಿಯೊದಲ್ಲಿ ಬಂದರು ಕಚೇರಿಯ ಹುಡುಗ
ಇನ್ನೂ ದಡ ಮುಟ್ಟದವರನ್ನು ಒಂದೊಂದಾಗಿ ಓದಿದ.
ಮೂರನೆಯದು: ಎರ್ಮೋಸಾ ಒತಿಲಿಯಾ.
ಕಿವಿಗೆ ತಪ್ಪೇ ಇರಲಿಲ್ಲ.
ಒಲೆಗೆ ಸೌದೆ ತುರುಕುತ್ತ ನಾನೂ ಹೇಳಿದೆ ಆ ಹೆಸರು,
ಹೇಳಿದೆ, ಹೇಳಿದೆ, ಕೆಟಲಿನ ನೀರೆಲ್ಲ ಆವಿಯಾಗುವ ತನಕ.

ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದ,
ಕಿವಿರಿಗೆ ದಾರ ಪೋಣಿಸಿದ ಎರಡು ಮೀನು ಹಿಡಿದು,
ಉಪ್ಪುಗಟ್ಟಿದ ಹುಬ್ಬು.
“ಟೀಚರಮ್ಮ, ಮೊನ್ನೆ ನೋಡುತ್ತ ನಿಂತಿದ್ದಿರಿ. ಗೊತ್ತು ನನಗೆ.
ಆ ಅಕ್ಷರ ಸದ್ದು ಮಾಡೋದಿಲ್ಲ ಅಂತ ನೀವೇ ಕಲಿಸಿದ್ದು.
ಜಾಗವೂ ಸಾಲಲಿಲ್ಲ, ಲಂಗರು ಅಡ್ಡ ಬಂತು.
ಮತ್ತೆ ನೋಡಿ, ನಮ್ಮ ಮನೆತನದ ಹೆಸರಿನ ಮುಂದೆ
ಅದೇ ಏಣಿ ಇದೆ,
ಯಾವ ಕಾಲದ ಗುಮಾಸ್ತನೋ ನಿಲ್ಲಿಸಿಹೋದದ್ದು.
ಅಜ್ಜಿ ಹೇಳುತ್ತಿದ್ದ ಸದ್ದೇ ಬೇರೆ:
ತುಟಿ ದುಂಡಗೆ ಮಾಡಿ ಗಾಳಿ ಬಿಡಬೇಕು. ವೆಂತೆಯೊ.
ಅಲ್ಲೊಂದು ಹೆಚ್ಚು, ಇಲ್ಲೊಂದು ಕಮ್ಮಿ.
ಲೆಕ್ಕ ಸರಿಹೋಯಿತಲ್ಲ?”

ಆರು ವರ್ಷ ಪ್ರತಿ ಬೆಳಗೂ ಹಾಜರಿ ಪುಸ್ತಕ ಹಿಡಿದು
ಆ ಹೆಸರು ಕೂಗಿದ್ದೆ ನಾನು.
ಅವನು ಎದ್ದು ನಿಂತು “ಹಾಜರ್” ಅನ್ನುತ್ತಿದ್ದ,
ಒಂದು ದಿನವೂ ತಿದ್ದಲಿಲ್ಲ.

ಮೀನು ಭಾರವಿತ್ತು.
ಅಡುಗೆಮನೆಯಲ್ಲಿ ಹುರುಪೆ ಕೆರೆಯುತ್ತ
ತುಟಿ ದುಂಡಗೆ ಮಾಡಿದೆ, ಈ ವಯಸ್ಸಿನಲ್ಲಿ.
ಮೊದಲ ಸಲ ಬರಲಿಲ್ಲ.